ಶಾಲೆಯ ವಸಂತೋತ್ಸವ: 72 ಮಕ್ಕಳು, ಮೂರು ಗಂಟೆ. ಏನು ಮಾಡಿಸೋಣ, ಹೇಗೆ?

ಮೂರನೇತರಗತಿ_ಪಾಲಕಿ

ಎಲ್ಲರಿಗೂ ನಮಸ್ಕಾರ. ಮಾರ್ಚ್ ಮೂರನೇ ವಾರ ಶಾಲೆಯಲ್ಲಿ ವಸಂತೋತ್ಸವ ಮಾಡುವುದೆಂದು ಪಾಲಕರ ಸಭೆಯಲ್ಲಿ ತೀರ್ಮಾನವಾಗಿದೆ. 1ರಿಂದ 4ನೇ ತರಗತಿಯ 72 ಮಕ್ಕಳು, ವಯಸ್ಸು 6ರಿಂದ 10. ಬೆಳಿಗ್ಗೆ 9ರಿಂದ 12. ಒಂದು ಅಂಗಳ, ಒಂದು ಹಾಲ್, ನಾಲ್ಕು ನಲ್ಲಿ ಇವೆ. ಕೈಜೋಡಿಸುತ್ತೇವೆ ಎಂದ ಪಾಲಕರು 12 ಮಂದಿ.

ಸಭೆಯಲ್ಲಿ ಬಂದ ಪಟ್ಟಿ ಇದು: ಗಾಳಿಪಟ, ಹೂವಿನ ಬಣ್ಣ, ಬೀಜ ಬಿತ್ತುವುದು, ಬೀಜದುಂಡೆ, ಮುಖವಾಡ, ಮೆರವಣಿಗೆ, ಬಣ್ಣದ ಪುಡಿ ಎರಚಾಟ, ಚಿತ್ರ ಸ್ಪರ್ಧೆ, ಹಾಡು. ಯಾವುದನ್ನು ಇಟ್ಟುಕೊಳ್ಳೋಣ, ಯಾವುದನ್ನು ಬಿಡೋಣ? ಮನೆಯಲ್ಲೇ ಮೊದಲು ಶುರು ಮಾಡಿಸಬಹುದಾದದ್ದು ಏನಾದರೂ ಇದೆಯೇ? ಅಳತೆ ಸಮೇತ ಹೇಳಿದರೆ ಉಪಕಾರವಾಗುತ್ತದೆ.

ಹಾಜರಿಪುಸ್ತಕ

ಮೊದಲು ಸಮಯದ ಲೆಕ್ಕ ಹಾಕಿ, ಚಟುವಟಿಕೆ ಆಮೇಲೆ ಆರಿಸಿ. ಮೂರು ಗಂಟೆ ಎಂದರೆ 180 ನಿಮಿಷ. ಮಕ್ಕಳು ಸೇರಿ ಗುಂಪಾಗಲು 20, ನಡುವೆ ತಿಂಡಿಗೆ 20, ಕೊನೆಗೆ ಎತ್ತಿಡಲು 20 ತೆಗೆದರೆ ಉಳಿಯುವುದು 120 ನಿಮಿಷ. ಒಂದು ಕೆಲಸಕ್ಕೆ 25 ನಿಮಿಷ, ಅಲ್ಲಿಂದ ಇನ್ನೊಂದು ಟೇಬಲ್ಲಿಗೆ ಹೋಗಲು 5. ಹಾಗಾದರೆ ನಾಲ್ಕೇ ಚಟುವಟಿಕೆ, 18 ಮಕ್ಕಳ ನಾಲ್ಕು ಗುಂಪು. ಒಂಬತ್ತು ಇಟ್ಟರೆ ಪ್ರತಿ ಮಗುವೂ ಅರ್ಧ ಸಮಯ ಸಾಲಿನಲ್ಲಿ ನಿಲ್ಲುತ್ತದೆ. ಇಂಥ ದಿನಗಳನ್ನು ಕೆಡಿಸುವುದು ಕಾಯುವಿಕೆ. ಆರು ವರ್ಷದ ಮಗು ಐದು ನಿಮಿಷ ಸುಮ್ಮನೆ ನಿಂತರೆ ಪಕ್ಕದವರನ್ನು ತಳ್ಳಲು ಶುರು ಮಾಡುತ್ತದೆ. ಅದು ಮಗುವಿನ ತಪ್ಪಲ್ಲ, ವೇಳಾಪಟ್ಟಿಯದು.

ಹೀಗೆ ಹೊಂದಿಸಬಹುದು: 9.20ಕ್ಕೆ ಮೊದಲ ಗಂಟೆ, 9.50ಕ್ಕೆ ಬದಲಾವಣೆ, 10.20ಕ್ಕೆ ತಿಂಡಿ, 10.40ಕ್ಕೆ ಮೂರನೆಯದು, 11.10ಕ್ಕೆ ನಾಲ್ಕನೆಯದು, 11.40ಕ್ಕೆ ಮುಗಿತಾಯ.

ಜನ ಸಾಲುವುದಿಲ್ಲ. 6–7 ವರ್ಷದವರಿಗೆ ಆರು ಮಕ್ಕಳಿಗೊಬ್ಬರು, 8–10ರವರಿಗೆ ಎಂಟು ಮಕ್ಕಳಿಗೊಬ್ಬರು ದೊಡ್ಡವರು ಬೇಕು. ಟೇಬಲ್ಲಿಗೆ ಮೂವರಂತೆ ನಾಲ್ಕು ಕಡೆಗೆ 12 ಮಂದಿ ಅಲ್ಲೇ ಮುಗಿದರು. ಗೇಟು ಮತ್ತು ಹಾಜರಿಗೆ ಒಬ್ಬರು, ನಲ್ಲಿಯ ಬಳಿ ಒಬ್ಬರು, ಪ್ರಥಮ ಚಿಕಿತ್ಸೆ ಮತ್ತು ಸದ್ದಿಲ್ಲದ ಮೂಲೆಗೆ ಒಬ್ಬರು, ಗಂಟೆ ಹೊಡೆದು ಗುಂಪು ಹೊರಡಿಸಲು ಒಬ್ಬರು. 16 ಬೇಕೇಬೇಕು. ಆ ದಿನ ರಜೆ ಸಿಗದ ಪಾಲಕರಿಗೆ ಹಿಂದಿನ ವಾರ ಮನೆಯಲ್ಲಿ ಕತ್ತರಿಸುವ, ಅಳೆದು ಕಟ್ಟಿಡುವ ಕೆಲಸ ಕೊಡಿ. ಅದೂ ಅಷ್ಟೇ ಮುಖ್ಯವಾದ ಪಾಲು.

ಕೈ ತೊಳೆಯುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬರಿಗೆ 40 ಸೆಕೆಂಡ್ ಎಂದರೂ 72 ಮಕ್ಕಳು ನಾಲ್ಕು ನಲ್ಲಿಗಳಲ್ಲಿ ತೊಳೆದು ಮುಗಿಸಲು 12 ನಿಮಿಷ. 20 ನಿಮಿಷದ ತಿಂಡಿ ವೇಳೆಯಲ್ಲಿ ತಿನ್ನಲು ಎಂಟೇ ನಿಮಿಷ ಉಳಿಯುತ್ತದೆ. ಎರಡು ಗುಂಪನ್ನು 10.13ಕ್ಕೇ ನಲ್ಲಿಗೆ ಕಳಿಸಿ, ಉಳಿದೆರಡು ಗುಂಪು ಗಂಟೆ ಹೊಡೆದ ಮೇಲೆ ಹೋಗಲಿ. ಆಗ ಯಾರೂ ಆರು ನಿಮಿಷಕ್ಕಿಂತ ಹೆಚ್ಚು ಕಾಯಬೇಕಿಲ್ಲ.

ಕೈತೋಟ

ಬೀಜ ಬಿತ್ತುವುದನ್ನು ಶಾಲೆಯಲ್ಲಿ ಆ ದಿನ ಮಾಡಿಸಿದರೆ ಮಗು ಮಣ್ಣು ತುಂಬಿದ ಲೋಟ ಹಿಡಿದು ಮನೆಗೆ ಹೋಗುತ್ತದೆ, ಅಷ್ಟೇ. ನೋಡಲು ಅದರಲ್ಲಿ ಏನೂ ಇರುವುದಿಲ್ಲ. ಬದಲಿಗೆ ಒಂದು ವಾರ ಮೊದಲು ಮನೆಯಲ್ಲಿ ಶುರು ಮಾಡಿಸಿ, ಮೊಳೆತದ್ದನ್ನು ಶಾಲೆಗೆ ತಂದು ಕುಂಡಕ್ಕೆ ನೆಡಲಿ. ಇಡೀ ಮನೆ ಒಂದು ವಾರ ಅದನ್ನೇ ನೋಡುತ್ತಿರುತ್ತದೆ.

ಪಾರದರ್ಶಕ ಲೋಟ ಬೇಕು. ಹೆಸರುಕಾಳು ಅಥವಾ ಅಲಸಂದೆ ಎಂಟು ಗಂಟೆ ನೆನೆಯಲಿ. ಟಿಶ್ಯೂ ಕಾಗದ ಅಥವಾ ಹಳೆಯ ಹತ್ತಿ ಬಟ್ಟೆಯನ್ನು ಲೋಟದ ಒಳಗೋಡೆಗೆ ಸುತ್ತಿ, ನಡುವೆ ಇನ್ನಷ್ಟು ಕಾಗದ ತುರುಕಿ, ಅದು ಗೋಡೆಗೆ ಒತ್ತಿ ನಿಲ್ಲಬೇಕು. ಕಾಗದಕ್ಕೂ ಗಾಜಿಗೂ ನಡುವೆ, ಲೋಟದ ಅರ್ಧ ಎತ್ತರದಲ್ಲಿ, ನಾಲ್ಕು ಕಾಳು ಸಿಕ್ಕಿಸಿ. ತಳದಲ್ಲಿ ಒಂದು ಸೆಂ.ಮೀ. ನೀರು ಸಾಕು, ಕಾಗದವೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಕಾಳು ನೀರಿನಲ್ಲಿ ಮುಳುಗಬಾರದು. ಮೊಳೆಯುವ ಬೀಜ ಉಸಿರಾಡುತ್ತದೆ, ಗಾಳಿ ಸಿಗದಿದ್ದರೆ ಕೊಳೆಯುತ್ತದೆ. 20ರಿಂದ 25 ಡಿಗ್ರಿ ಬೆಚ್ಚಗಿರುವ ಕಡೆ ಹೆಸರುಕಾಳಿನ ಬೇರು ಒಂದೆರಡು ದಿನದಲ್ಲೇ ಕಾಣುತ್ತದೆ, ಐದಾರು ದಿನಕ್ಕೆ ಎಲೆ ಬಿಚ್ಚುತ್ತದೆ.

ಬೇರು ಎರಡು ಸೆಂ.ಮೀ. ಆದಾಗ ಲೋಟದ ನೀರು ಬಗ್ಗಿಸಿ, ಲೋಟವನ್ನು ಅಡ್ಡ ಮಲಗಿಸಿ. ಮರುದಿನಕ್ಕೆ ಬೇರಿನ ತುದಿ ಕೆಳಕ್ಕೆ ತಿರುಗಿರುತ್ತದೆ, ಕಾಂಡ ಮೇಲಕ್ಕೆ ಬಾಗಿರುತ್ತದೆ. ಬೇರಿನ ತುದಿಯ ಮತ್ತು ಕಾಂಡದ ಕೋಶಗಳು ಗುರುತ್ವವನ್ನು ಗ್ರಹಿಸುವುದರಿಂದ ಹೀಗಾಗುತ್ತದೆ. ಮಗು ಇದನ್ನು ಕಣ್ಣಾರೆ ನೋಡಿದರೆ ಪಾಠ ಬೇಕಿಲ್ಲ.

ಇನ್ನೊಂದು ಲೋಟವನ್ನು ಕತ್ತಲಲ್ಲಿ, ಡಬ್ಬದ ಕೆಳಗೆ ಇಡಿ. ಅದು ಬೆಳಕಿನಲ್ಲಿರುವುದಕ್ಕಿಂತ ಉದ್ದ ಬೆಳೆಯುತ್ತದೆ, ಮಕ್ಕಳು ‘ಕತ್ತಲೆಯದೇ ಗೆದ್ದಿತು’ ಎನ್ನುತ್ತಾರೆ. ಬಣ್ಣ ನೋಡಲು ಹೇಳಿ: ಹಳದಿ, ತೆಳ್ಳಗಿನ ಕಾಂಡ, ಮುದುಡಿದ ಎಲೆ. ಕಾಳಿನಲ್ಲಿ ಕೂಡಿಟ್ಟ ಆಹಾರವನ್ನೆಲ್ಲ ಬೆಳಕು ಹುಡುಕಲು ಖರ್ಚು ಮಾಡುತ್ತಿರುತ್ತದೆ ಅದು. ‘ಯಾವುದು ಉದ್ದ’ ಎಂದು ಕೇಳಬೇಡಿ, ‘ಎರಡಕ್ಕೂ ಏನು ವ್ಯತ್ಯಾಸ’ ಎಂದು ಕೇಳಿ.

ರಾಜ್ಮಾ ದೊಡ್ಡದು, ನೋಡಲು ಚೆಂದ. ಆದರೆ ಹಸಿ ರಾಜ್ಮಾ ವಿಷಕಾರಿ, ನಾಲ್ಕೈದು ಕಾಳು ತಿಂದರೂ ವಾಂತಿ ಭೇದಿ ಆಗಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇಡ. ಅಂಗಡಿಯಲ್ಲಿ ಬಿತ್ತನೆಗೆಂದು ಮಾರುವ ಬೀಜಕ್ಕೆ ಔಷಧಿ ಲೇಪನ ಇರುತ್ತದೆ, ಗುಲಾಬಿ ಅಥವಾ ನೀಲಿ ಬಣ್ಣದಲ್ಲಿ ಕಾಣುತ್ತದೆ. ಅದನ್ನು ಮಕ್ಕಳ ಕೈಗೆ ಕೊಡಲೇಬಾರದು.

ಎರಡು_ಜಡೆ

ಲೋಟದಲ್ಲಿ ಬೂಸ್ಟು ಬಂದರೆ? ಇಡೀ ತರಗತಿಯಲ್ಲಿ ಐದಾರು ಮಕ್ಕಳದ್ದು ಹೀಗಾಗುವುದು ಖಂಡಿತ, ಅವರು ಬರಿಗೈಲಿ ಬರಬೇಕಾಗುತ್ತದೆ.

ಕೈತೋಟ

ಬೂಸ್ಟಿಗೆ ಸಾಮಾನ್ಯ ಕಾರಣ ಒಡೆದ ಕಾಳು. ನೆನೆಸಿದ ಮೇಲೆ ಸಿಪ್ಪೆ ಹರಿದದ್ದು, ಎರಡು ಹೋಳಾದದ್ದು ಎಲ್ಲ ತೆಗೆದುಬಿಡಿ. ದಿನಕ್ಕೊಮ್ಮೆ ತಳದ ನೀರು ಚೆಲ್ಲಿ ಹೊಸದು ಹಾಕಿ, ಬಾಯಿ ಮುಚ್ಚಬೇಡಿ. ಬರಿಗೈಲಿ ಬರುವವರಿಗಾಗಿ ಶಾಲೆಯಲ್ಲೇ ಎರಡು ತಟ್ಟೆ ಮೊಳಕೆ ಹಾಕಿಟ್ಟಿರಿ. 72 ಮಕ್ಕಳಿಗೆ 25 ಸಸಿ ಹೆಚ್ಚುವರಿ ಇದ್ದರೆ ನೆಮ್ಮದಿ.

ನೆಡುವಾಗ ಸಸಿಯನ್ನು ಕಾಂಡ ಹಿಡಿದು ಎತ್ತಬಾರದು, ಎಲೆ ಹಿಡಿದು ಎತ್ತಬೇಕು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿ ಹೋಯಿತು. ಬೇರು ಕಾಗದಕ್ಕೆ ಅಂಟಿಕೊಂಡಿದ್ದರೆ ಕೀಳಬೇಡಿ, ಕಾಗದದ ಚೂರು ಸಮೇತ ಮಣ್ಣಿಗೆ ಹಾಕಿ. ಕಾಗದ ತಾನೇ ಕರಗುತ್ತದೆ.

ಬೀಜದುಂಡೆ ಈ ಸಲ ಬಿಡಿ ಎಂಬುದು ನನ್ನ ಅಭಿಪ್ರಾಯ. ಐದು ಪಾಲು ಜೇಡಿಮಣ್ಣು, ಮೂರು ಪಾಲು ಗೊಬ್ಬರ, ಒಂದು ಪಾಲು ಬೀಜ ಕಲಸಿ ಎರಡು ಸೆಂ.ಮೀ. ಉಂಡೆ ಕಟ್ಟುವುದೇನೋ ಸುಲಭ. ಆದರೆ ಎರಡು ದಿನ ನೆರಳಲ್ಲಿ ಒಣಗಬೇಕು. ಹಸಿಯಾಗಿ ಚೀಲಕ್ಕೆ ಹಾಕಿದರೆ ಒಳಗೇ ಮೊಳೆತು ಸಾಯುತ್ತದೆ.

ಬಣ್ಣದಬಟ್ಟಲು

ಹೂವಿನ ಬಣ್ಣ ಎಂದು ಬರೆದಿದ್ದೀರಿ. ಕುದಿಸಿ ಬಣ್ಣ ತೆಗೆಯುವುದು 25 ನಿಮಿಷದ ಕೆಲಸವಲ್ಲ, ಒಲೆಯೂ ಬೇಕು. ಅದರ ಬದಲು ಬಟ್ಟೆಯ ಮೇಲೆ ಹೂವಿಟ್ಟು ಬಡಿದು ಅಚ್ಚು ತೆಗೆಯುವುದು ಮಾಡಿ. ಒಲೆ ಬೇಡ, ಬ್ರಷ್ ಬೇಡ, ಒಣಗಿಸುವ ಜಾಗವೂ ಹೆಚ್ಚು ಬೇಡ.

ಬಿಳಿ ಹತ್ತಿ ಬಟ್ಟೆ, 20 ಸೆಂ.ಮೀ. ಚೌಕ. ಪಾಲಿಯೆಸ್ಟರ್ ಬೆರೆತಿದ್ದರೆ ಬಣ್ಣ ಹಿಡಿಯುವುದಿಲ್ಲ. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಬಿಸಿನೀರು ಸೋಪಿನಲ್ಲಿ ಮೊದಲು ಒಗೆಯಿರಿ. ಆಮೇಲೆ ಪಟಿಕದ ನೀರಿನಲ್ಲಿ ನೆನೆಸಬೇಕು. ಬಟ್ಟೆಯ ತೂಕದ ನೂರಕ್ಕೆ 12ರಿಂದ 15 ಪಾಲು ಪಟಿಕ. ಈ ಅಳತೆಯ ಒಂದು ಚೌಕ ಸುಮಾರು ಆರು ಗ್ರಾಂ ತೂಗುತ್ತದೆ, 72 ಚೌಕಕ್ಕೆ ಸುಮಾರು 430 ಗ್ರಾಂ, ಅಂದರೆ 52ರಿಂದ 65 ಗ್ರಾಂ ಪಟಿಕ. ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಮುಳುಗುವಷ್ಟು ನೀರು ಸೇರಿಸಿ, ರಾತ್ರಿಯಿಡೀ ಬಿಟ್ಟು, ಹಿಂಡಿ ಒಣಗಿಸಿ. ಇದಿಷ್ಟೂ ದೊಡ್ಡವರು ಮನೆಯಲ್ಲಿ ಮುಗಿಸಿ ತರಬೇಕು. ಪಟಿಕ ಹೂವಿನ ಬಣ್ಣವನ್ನು ನೂಲಿಗೆ ಕಟ್ಟಿಹಾಕುತ್ತದೆ. ಅದಿಲ್ಲದೆ ಬಡಿದರೆ ಚಿತ್ರ ಮೂಡುತ್ತದೆ, ಆದರೆ ಮೊದಲ ಒಗೆತಕ್ಕೇ ಹೋಗುತ್ತದೆ.

ಆ ದಿನ: ನೆಲದ ಮೇಲೆ ಮರದ ಹಲಗೆ, ಅದರ ಮೇಲೆ ಬಟ್ಟೆ, ಹೂವು ಮಗುಚಿ ಇಟ್ಟು ಮೇಲೆ ಬೆಣ್ಣೆ ಕಾಗದ. ಟೇಬಲ್ ಮೇಲೆ ಬೇಡ, ಟೇಬಲ್ ಅದುರಿ ಎಲ್ಲರ ಹೂವೂ ಜರುಗುತ್ತದೆ. ಮರದ ಕೊಡತಿ ಅಥವಾ ಅಂಗೈಗೆ ಹಿಡಿಯುವ ನುಣುಪಾದ ಕಲ್ಲು. ಕಬ್ಬಿಣದ ಸುತ್ತಿಗೆ ದಳವನ್ನು ಹರಿಯುತ್ತದೆ, ಬೆರಳಿಗೂ ಅಪಾಯ. ಹೂವಿನ ಅಂಚಿನಿಂದ ಶುರುಮಾಡಿ ಒಳಕ್ಕೆ ಬರಬೇಕು, ಸಣ್ಣ ಸಣ್ಣ ಏಟು. ಮಕ್ಕಳು ಕೈ ಎತ್ತಿ ಜೋರಾಗಿ ಒಂದೇ ಏಟು ಹಾಕುತ್ತಾರೆ, ಆಗ ರಸ ಚಿಮ್ಮಿ ಆಕಾರವೇ ಕಲಸಿಹೋಗುತ್ತದೆ. ಹೂವಿನ ಹಿಂಬದಿಯ ತೊಟ್ಟು, ದಪ್ಪ ಹಸಿರು ಭಾಗ ಮೊದಲೇ ಚಿವುಟಿ ತೆಗೆಯಿರಿ. ಇಲ್ಲದಿದ್ದರೆ ನಡುವೆ ಒಂದು ಹಸಿರು ಮುದ್ದೆ ಉಳಿಯುತ್ತದೆ.

ತೆಳ್ಳಗಿನ, ಚಪ್ಪಟೆ ದಳದ ಹೂ ಚೆನ್ನಾಗಿ ಬರುತ್ತದೆ. ಚೆಂಡುಹೂವಿನ ದಳ ಬಿಡಿಸಿ ಇಟ್ಟರೆ ಹಳದಿ ಗಟ್ಟಿಯಾಗಿ ನಿಲ್ಲುತ್ತದೆ. ಜರೀಗಿಡದ ಎಲೆ ಅಚ್ಚುಕಟ್ಟಾಗಿ ಮೂಡುತ್ತದೆ. ರಸ ತುಂಬಿದ ದಪ್ಪ ದಳ ಬರೀ ಕಲೆಯಾಗುತ್ತದೆ. ಕೆಂಪು, ನೀಲಿ ಹೂ ಪಟಿಕದ ಬಟ್ಟೆಯ ಮೇಲೆ ನೇರಳೆ ಕಡೆಗೆ ತಿರುಗಬಹುದು, ಎಲೆಯ ಹಸಿರು ಕೆಲವು ವಾರಗಳಲ್ಲಿ ಕಂದಾಗುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಆಮೇಲೆ ನಿರಾಸೆಯಾಗುವುದಿಲ್ಲ. ಮನೆಯಲ್ಲಿ ಎರಡು ದಿನ ಒಣಗಿಸಿ, ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ಮಾಡಲಿ.

ಇನ್ನೊಂದು ಟೇಬಲ್ಲಿಗೆ ಅರಿಶಿನದ ಕಾಗದ. ಒಂದು ಟೀ ಚಮಚ ಅರಿಶಿನವನ್ನು 50 ಮಿ.ಲೀ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಕಿ, ತಿಳಿಯನ್ನು ಕಾಗದಕ್ಕೆ ಬಳಿದು ಒಣಗಿಸಿ. ಅರಿಶಿನದ ಬಣ್ಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೇ ಸ್ಪಿರಿಟ್. ಬೆಂಕಿಗೆ ಬೇಗ ಹತ್ತುವ ವಸ್ತು, ಹಿಂದಿನ ದಿನವೇ, ಕಿಟಕಿ ತೆರೆದು, ದೊಡ್ಡವರೇ ಮಾಡಬೇಕು. ಒಣಗಿದ ಮೇಲೆ ಮಕ್ಕಳಿಗೆ ಅಪಾಯವಿಲ್ಲ. 100 ಮಿ.ಲೀ. ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹತ್ತಿ ಕಡ್ಡಿಯಲ್ಲಿ ಅದ್ದಿ ಬರೆದರೆ ಹಳದಿಯ ಮೇಲೆ ಕೆಂಗಂದು ಗೆರೆ ಬರುತ್ತದೆ. ಅದರ ಮೇಲೆ ನಿಂಬೆರಸ ಮುಟ್ಟಿಸಿದರೆ ಮತ್ತೆ ಹಳದಿ. ಸೋಪಿನ ನೀರಿಗೂ ಕೆಂಪಾಗುತ್ತದೆ. ಸುಣ್ಣ ಇನ್ನೂ ಗಾಢ ಬಣ್ಣ ಕೊಡುತ್ತದೆ ಎಂದು ಯಾರಾದರೂ ತರಬಹುದು, ಬೇಡ. ಕಣ್ಣಿಗೆ ಬಿದ್ದರೆ ದೊಡ್ಡ ಹಾನಿ.

ಬಟ್ಟೆಗೆ ಅರಿಶಿನ ತಾಗಿದರೆ ಸೋಪು ಹಾಕಿ ಕೆಂಪಾಯಿತೆಂದು ಗಾಬರಿಯಾಗುವವರಿದ್ದಾರೆ. ಒಗೆದು ಬಿಸಿಲಿಗೆ ಹಾಕಿ, ಅರಿಶಿನದ ಬಣ್ಣ ಬಿಸಿಲಿಗೆ ಕರಗಿಹೋಗುತ್ತದೆ. ಅದೇ ಕಾರಣಕ್ಕೆ ಮಕ್ಕಳ ಚಿತ್ರವನ್ನು ಕಿಟಕಿಯಲ್ಲಿ ತೂಗುಹಾಕಬೇಡಿ.

ಹೊಂಗೆನೆರಳು

72 ಮಕ್ಕಳಿಗೆ ತಲಾ ಐದು ಹೂ ಎಂದರೂ 360 ಹೂ. ವಸಂತ ಬಂತೆಂದು ಸಂಭ್ರಮಿಸಲು ಅಂಗಳದ ಗಿಡಗಳನ್ನೆಲ್ಲ ಬೋಳಿಸುವುದು ಸರಿಯಲ್ಲ. ಹಿಂದಿನ ಸಂಜೆ ಉದುರಿದ ಹೂ, ಹೂವಿನಂಗಡಿಯಲ್ಲಿ ಉಳಿದ ಬಿಡಿಹೂ ಸಾಕು. ಎಲೆ ಹೆಚ್ಚು ಬಳಸಿ, ಹೂ ಒಂದೆರಡು. ಗೂಡು ಕಟ್ಟುವ ಕಾಲವೂ ಇದೇ. ಪೊದೆಯೊಳಗೆ ಕೈ ಹಾಕುವ ಮೊದಲು ದೊಡ್ಡವರೊಬ್ಬರು ನೋಡಿಕೊಳ್ಳಬೇಕು. ಗೂಡಿನ ಹತ್ತಿರ ಮತ್ತೆ ಮತ್ತೆ ಹೋದರೆ ತಾಯಿಹಕ್ಕಿ ಗೂಡು ಬಿಟ್ಟುಬಿಡಬಹುದು.

ಜೇನ್ನೊಣದ ಬಗ್ಗೆಯೂ ಒಂದು ಮಾತು. ಕಚ್ಚಿದರೆ ಮುಳ್ಳು ಚರ್ಮದಲ್ಲೇ ಉಳಿದು ವಿಷ ಇಳಿಯುತ್ತಿರುತ್ತದೆ. ಉಗುರಿನಿಂದಲೋ ಕಾರ್ಡಿನ ಅಂಚಿನಿಂದಲೋ ತಕ್ಷಣ ಕೆರೆದು ತೆಗೆದು ತಣ್ಣನೆಯ ಬಟ್ಟೆ ಒತ್ತಿ. ತುಟಿ, ಗಂಟಲು ಊದಿದರೆ, ಉಸಿರು ಕಟ್ಟಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ.

ಬಾಲಂಗೋಚಿ

ಗಾಳಿಪಟ ಇಟ್ಟುಕೊಳ್ಳಿ, ಆದರೆ 8–10 ವರ್ಷದವರಿಗೆ ಮಾತ್ರ. ಕಡ್ಡಿ ಸೀಳಿ, ಕಾಗದ ಕತ್ತರಿಸಿ ತಂದಿದ್ದರೆ 25 ನಿಮಿಷದಲ್ಲಿ ಮುಗಿಯುತ್ತದೆ. ಮಗುವಿನ ಪಾಲಿಗೆ ಅಂಟಿಸುವುದು, ಸೂತ್ರ ಕಟ್ಟುವುದು, ಬಾಲಂಗೋಚಿ ಹಾಕುವುದು.

ಉದ್ದಕಡ್ಡಿ 60 ಸೆಂ.ಮೀ., ಅಡ್ಡಕಡ್ಡಿ 50. ಮೇಲಿಂದ 15 ಸೆಂ.ಮೀ. ಕೆಳಗೆ ಎರಡನ್ನೂ ಕಟ್ಟಿ. ಬಿದಿರಿನ ಕಡ್ಡಿಯನ್ನು ಬೆರಳ ಮೇಲೆ ಸರಿಮಧ್ಯಕ್ಕೆ ಇಟ್ಟು ನೋಡಿ, ಒಂದು ಕಡೆ ವಾಲಿದರೆ ಆ ಕಡೆ ದಪ್ಪ, ಸ್ವಲ್ಪ ಹೆರೆಯಬೇಕು. ಇದನ್ನು ಬಿಟ್ಟರೆ ಪಟ ಹಾರುತ್ತಲೇ ಒಂದೇ ಕಡೆಗೆ ಎಳೆಯುತ್ತದೆ, ಎಷ್ಟು ಬಾಲ ಸೇರಿಸಿದರೂ ಸರಿಹೋಗುವುದಿಲ್ಲ. ನಾಲ್ಕು ತುದಿಗೂ ದಾರ ಸುತ್ತಿ ಚೌಕಟ್ಟು ಮಾಡಿ, ಅದರ ಮೇಲೆ ತೆಳುಕಾಗದ ಮಡಚಿ ಅಂಟಿಸಿ. ಮೈದಾ ಅಂಟು ನೀರಾದರೆ ಕಾಗದ ಸುಕ್ಕಾಗುತ್ತದೆ, ಒಣಗಲು ಅರ್ಧ ಗಂಟೆ ಬೇಕು. ಗಟ್ಟಿ ಅಂಟುಕಡ್ಡಿ ಅಥವಾ ಟೇಪು ಒಳ್ಳೆಯದು. ಅಡ್ಡಕಡ್ಡಿಯ ಎರಡು ತುದಿಗೂ ಹಿಂದಿನಿಂದ ದಾರ ಕಟ್ಟಿ, ನಡುವೆ ನಾಲ್ಕೈದು ಸೆಂ.ಮೀ. ಬಾಗುವಷ್ಟು ಎಳೆಯಿರಿ. ಆ ಬಾಗೇ ಪಟವನ್ನು ಎರಡೂ ಕಡೆ ಸಮತೂಕದಲ್ಲಿ ಹಿಡಿಯುತ್ತದೆ.

ಸೂತ್ರದ ಒಂದು ತುದಿ ಕಡ್ಡಿಗಳು ಕೂಡುವಲ್ಲಿ, ಇನ್ನೊಂದು ತುದಿ ಕೆಳಗಿಂದ 12 ಸೆಂ.ಮೀ. ಮೇಲೆ. ಗಂಟು ಹಾಕಿದ ಜಾಗದಲ್ಲಿ ಹಿಡಿದು ಎತ್ತಿದಾಗ ಪಟದ ತಲೆ ಬಾಲಕ್ಕಿಂತ ಸ್ವಲ್ಪ ಮೇಲಿರಬೇಕು. ಗಾಳಿ ಜೋರಿದ್ದರೆ ಗಂಟನ್ನು ಒಂದು ಸೆಂ.ಮೀ. ತಲೆಯ ಕಡೆಗೆ ಸರಿಸಿ, ಮೆಲ್ಲಗಿದ್ದರೆ ಬಾಲದ ಕಡೆಗೆ. ಮೂರೂವರೆ ಮೀಟರ್ ಬಾಲಂಗೋಚಿ, ಅಂದರೆ ಪಟದ ಉದ್ದದ ಸುಮಾರು ಆರು ಪಾಲು. ಗಿರಗಿರ ತಿರುಗಿ ಬಿದ್ದರೆ ಬಾಲ ಉದ್ದ ಮಾಡಿ. ನೆಟ್ಟಗೆ ನಿಂತಿದ್ದರೂ ಮೇಲೇರದಿದ್ದರೆ ಬಾಲ ಭಾರವಾಗಿದೆ, ಒಂದು ತುಂಡು ಕತ್ತರಿಸಿ.

ಸಾದಾ ಹತ್ತಿ ದಾರ ಮಾತ್ರ. ಗಾಜಿನ ಪುಡಿಯದ್ದೂ ಬೇಡ, ನೈಲಾನೂ ಬೇಡ. ವಿದ್ಯುತ್ ತಂತಿ ಕಾಣುವ ಕಡೆ ಹಾರಿಸಲೇಬೇಡಿ, ತಂತಿಗೆ ಸಿಕ್ಕ ಪಟವನ್ನು ಯಾರೂ ಬಿಡಿಸಲು ಹೋಗಬಾರದು. ಒಮ್ಮೆಗೆ ಆರು ಪಟ, ಒಂದಕ್ಕೊಂದು ಹತ್ತು ಹೆಜ್ಜೆ ದೂರ, ಎಲ್ಲರೂ ಗಾಳಿಗೆ ಬೆನ್ನು ಹಾಕಿ. ಮಕ್ಕಳು ಪಟ ಎಳೆದುಕೊಂಡು ಹಿಂದೆ ನೋಡುತ್ತಾ ಓಡುತ್ತಾರೆ, ಮುಗ್ಗರಿಸುವುದು ಆಗಲೇ. ಓಡುವುದು ಬೇಕಿಲ್ಲ. ಒಬ್ಬರು ಪಟ ಹಿಡಿದು 15 ಮೀಟರ್ ದೂರ ನಿಲ್ಲಲಿ, ಗಾಳಿ ಬಂದಾಗ ಬಿಡಲಿ, ಇನ್ನೊಬ್ಬರು ದಾರ ಎಳೆಯಲಿ.

ಎರಡು_ಜಡೆ

6–7 ವರ್ಷದವರಿಗೆ?

ಬಾಲಂಗೋಚಿ

ಅದೇ ಟೇಬಲ್ಲಿನಲ್ಲಿ ಗಿರಗಿಟ್ಟಲೆ. 15 ಸೆಂ.ಮೀ. ಚೌಕ, ಮೂಲೆಗಳಿಂದ ನಡುವಿಗೆ ಕತ್ತರಿಸುತ್ತಾ ಕೇಂದ್ರಕ್ಕೆ ಎರಡು ಸೆಂ.ಮೀ. ಇರುವಾಗ ನಿಲ್ಲಿಸಬೇಕು. ಪೂರ್ತಿ ಕತ್ತರಿಸಿದರೆ ನಾಲ್ಕು ಚೂರಾಗುತ್ತದೆ, ಆದ್ದರಿಂದ ನಿಲ್ಲಿಸುವ ಕಡೆ ಒಂದು ವೃತ್ತ ಮೊದಲೇ ಬರೆದಿಡಿ. ತಿರುಗದಿರಲು ಕಾರಣ ಯಾವಾಗಲೂ ಒಂದೇ: ಕಾಗದ ಕಡ್ಡಿಗೆ ಉಜ್ಜುತ್ತಿರುತ್ತದೆ. ನಡುವೆ ಸ್ಟ್ರಾದ ಅರ್ಧ ಸೆಂ.ಮೀ. ತುಂಡು ಹಾಕಿ, ಕಾಗದದ ತೂತು ಗುಂಡುಪಿನ್ನಿಗಿಂತ ಸ್ವಲ್ಪ ದೊಡ್ಡದಿರಲಿ. ಪಿನ್ನಿನ ಮೊನೆ ಹಿಂದೆ ಬಂದಿದ್ದರೆ ಇಕ್ಕಳದಲ್ಲಿ ಮಡಚಿ ಟೇಪು ಸುತ್ತಿ. ಆ ಕೆಲಸ ದೊಡ್ಡವರದ್ದು.

ಗುಂಪಿನಗೋವಿಂದ

ಕೊನೆಗೆ ಹಾಲ್‌ನಲ್ಲಿ ಬಣ್ಣದ ಪುಡಿ ಎರಚಾಟ ಇರಲಿ ಎಂದು ನನ್ನ ಸಲಹೆ. ಕಾರ್ನ್‌ಫ್ಲೋರ್ ಮತ್ತು ಅರಿಶಿನ, ಬೀಟ್‌ರೂಟ್ ಪುಡಿ. ರಾಸಾಯನಿಕ ಇಲ್ಲ, ತಿಂದರೂ ತೊಂದರೆ ಇಲ್ಲ.

ಹಾಜರಿಪುಸ್ತಕ

ಗೋವಿಂದ ಅವರೇ, ತಿನ್ನಲು ತೊಂದರೆ ಇಲ್ಲ, ಗಾಳಿಯಲ್ಲಿ ತೇಲಲು ಇದೆ. ಯಾವ ಹಿಟ್ಟೇ ಆಗಲಿ, ಸಣ್ಣ ಪುಡಿಯಾಗಿ ಗಾಳಿಯಲ್ಲಿ ದಟ್ಟವಾಗಿ ಹರಡಿದರೆ ಒಂದು ಕಿಡಿಗೆ ಇಡೀ ಮೋಡವೇ ಹೊತ್ತಿಕೊಳ್ಳುತ್ತದೆ, ಪ್ರತಿ ಕಣಕ್ಕೂ ಸುತ್ತ ಗಾಳಿ ಸಿಗುವುದರಿಂದ. 2015ರ ಜೂನ್ 27ರಂದು ತೈವಾನಿನ ಒಂದು ವಾಟರ್ ಪಾರ್ಕಿನಲ್ಲಿ ಇಂಥದೇ ಬಣ್ಣದ ಪುಡಿ ಹೊತ್ತಿಕೊಂಡು 15 ಜನ ತೀರಿಕೊಂಡರು, ಸುಮಾರು 500 ಜನ ಸುಟ್ಟಗಾಯಕ್ಕೆ ತುತ್ತಾದರು. ಅದೂ ಬಯಲಿನಲ್ಲಿ. ಮುಚ್ಚಿದ ಹಾಲ್‌ನಲ್ಲಿ ಇದು ಬೇಡವೇ ಬೇಡ. ಅಸ್ತಮಾ ಇರುವ ಮಕ್ಕಳಿಗೆ, ಕಣ್ಣಿಗೆ ಆಗುವ ತೊಂದರೆ ಬೇರೆ.

ಬಣ್ಣ ಬೇಕೇಬೇಕೆಂದರೆ ಆರು ಅಡಿ ಹಳೆಯ ಬೆಡ್‌ಶೀಟ್ ಗೋಡೆಗೆ ಕಟ್ಟಿ. ಅದೇ ಕಾರ್ನ್‌ಫ್ಲೋರನ್ನು ನೀರಿನಲ್ಲಿ ಬೇಯಿಸಿ ಗಟ್ಟಿ ಮಾಡಿ ಬಣ್ಣ ಬೆರೆಸಿ, ಎಲ್ಲರೂ ಅಂಗೈ ಒತ್ತಲಿ. 72 ಕೈಯ ಗುರುತು ವರ್ಷವಿಡೀ ಹಾಲ್‌ನಲ್ಲಿ ಇರುತ್ತದೆ.

ಗುಂಪಿನಗೋವಿಂದ

ಸರಿ, ಒಪ್ಪಿದೆ. ಬೆಡ್‌ಶೀಟಿನ ಕೆಲಸ ನನಗೇ ವಹಿಸಿದಂತೆ ಎಂದುಕೊಳ್ಳಿ, ನಮ್ಮ ಶಾಲೆಯಲ್ಲೂ ಅದನ್ನೇ ಮಾಡಿಸುತ್ತೇನೆ. ಮೊದಲ ಗಂಟೆಯಲ್ಲೇ ಒತ್ತಿಸುವುದೋ ಕೊನೆಗೋ?

ಹಾಜರಿಪುಸ್ತಕ

ಕೊನೆಗೆ. ಕೈ ತೊಳೆದುಕೊಂಡು ನೇರ ಮನೆಗೆ.

ನೆರಳಳತೆ

ಮಾರ್ಚ್ ಮೂರನೇ ವಾರ ಎಂದಿರಿ. ಆ ವಾರದಲ್ಲಿ, ಬಿಟ್ಟರೆ ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಮಾತ್ರ ಸಿಗುವ ಒಂದು ಚಟುವಟಿಕೆಯನ್ನು ಯಾರೂ ಪಟ್ಟಿಗೆ ಸೇರಿಸಿಲ್ಲ. ಮಾರ್ಚ್ 20ರ ಸುಮಾರಿಗೆ ಸೂರ್ಯ ಸಮಭಾಜಕದ ನೇರಕ್ಕೆ ಬರುತ್ತಾನೆ, ಅದನ್ನೇ ವಿಷುವ ಎನ್ನುವುದು. ಆ ದಿನ ನೆಟ್ಟ ಕೋಲಿನ ನೆರಳಿನ ತುದಿ ಬೆಳಗಿನಿಂದ ಸಂಜೆಯವರೆಗೆ ಒಂದು ಸರಳರೇಖೆಯಲ್ಲಿ ಸಾಗುತ್ತದೆ. ಬೇರೆ ದಿನಗಳಲ್ಲಿ ಅದು ಬಾಗಿದ ರೇಖೆ. ಜೊತೆಗೆ ಆ ರೇಖೆ ಪಕ್ಕಾ ಪಶ್ಚಿಮ–ಪೂರ್ವ ದಿಕ್ಕನ್ನು ತೋರಿಸುತ್ತದೆ, ಮೊದಲ ಗುರುತು ಪಶ್ಚಿಮದ ಕಡೆ. ಮೂರ್ನಾಲ್ಕು ದಿನ ಆಚೀಚೆಯಾದರೂ ಬಾಗು ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ.

ಇದಕ್ಕೆ ಬೇರೆ ಸಮಯ ಬೇಡ. ಹಾಜರಿಪುಸ್ತಕ ಅವರ ವೇಳಾಪಟ್ಟಿಯಲ್ಲಿ ಆರು ಗಂಟೆ ಹೊಡೆತಗಳಿವೆ. ಪ್ರತಿ ಗಂಟೆಗೂ ಗುಂಪಿಗೊಬ್ಬ ಮಗು ಓಡಿಬಂದು ನೆರಳಿನ ತುದಿಗೆ ಒಂದು ಬೆಣಚುಕಲ್ಲು ಇಟ್ಟು, ಸಮಯ ಬರೆದ ಚೀಟಿ ಅಂಟಿಸಲಿ. 11.40ಕ್ಕೆ ಎಲ್ಲರನ್ನೂ ಕರೆದು ಮೊದಲ ಕಲ್ಲಿಂದ ಕೊನೆಯ ಕಲ್ಲಿಗೆ ದಾರ ಎಳೆದು ಹಿಡಿಯಿರಿ. ನಡುವಿನ ನಾಲ್ಕು ಕಲ್ಲೂ ದಾರದ ಕೆಳಗೇ ಇರುವುದನ್ನು ಕಂಡಾಗ ಮಕ್ಕಳ ಮುಖ ನೋಡಬೇಕು!

50 ಸೆಂ.ಮೀ. ಕೋಲು ಸಾಕು. ತೂಗುಗುಂಡು ಇಳಿಬಿಟ್ಟು ಕೋಲು ನೆಟ್ಟಗಿದೆಯೇ ನೋಡಿ, ಎರಡು ದಿಕ್ಕಿನಿಂದಲೂ. ನೆಲ ಸಮತಟ್ಟಿರಬೇಕು, ಇಳಿಜಾರಿದ್ದರೆ ಅಳತೆಗಳೆಲ್ಲ ಕೆಡುತ್ತವೆ. ನೆಲದ ಮೇಲೆ ಅರ್ಧ ತುಂಬಿದ ನೀರಿನ ಬಾಟಲಿ ಮಲಗಿಸಿದರೆ ಗೊತ್ತಾಗುತ್ತದೆ. ಚೂಪು ಕೋಲಿನ ನೆರಳಿನ ತುದಿ ಮಸುಕಾಗಿರುತ್ತದೆ, ಸೂರ್ಯ ಒಂದು ಬಿಂದುವಲ್ಲ, ಅಗಲವಿರುವ ತಟ್ಟೆ, ಅದಕ್ಕೆ. ತುದಿಗೆ ಎರಡು ಸೆಂ.ಮೀ. ಜೇಡಿಮಣ್ಣಿನ ಗೋಲಿ ಸಿಕ್ಕಿಸಿ, ಆ ಗೋಲಿಯ ನೆರಳಿನ ನಡುವಿಗೆ ಕಲ್ಲು ಇಡಿ.

4ನೇ ತರಗತಿಯವರಿಗೆ ಇನ್ನೊಂದು. ನಡುಹಗಲಲ್ಲಿ ನೆರಳು ಅತಿ ಚಿಕ್ಕದಾಗಿರುತ್ತದೆ. ವಿಷುವದ ದಿನ ಆ ಉದ್ದ ನಿಮ್ಮ ಊರಿನ ಅಕ್ಷಾಂಶವನ್ನೇ ಹೇಳುತ್ತದೆ. 50 ಸೆಂ.ಮೀ. ಕೋಲಿಗೆ 15 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 13 ಸೆಂ.ಮೀ., 30ರಲ್ಲಿ 29, 45ರಲ್ಲಿ ಸರಿಯಾಗಿ ಕೋಲಿನಷ್ಟೇ. ಬೆಳಿಗ್ಗೆಯೇ ಭೂಪಟ ನೋಡಿ ಮಕ್ಕಳು ಊಹೆ ಬರೆದಿಡಲಿ. ಗಡಿಯಾರದ 12ಕ್ಕೆ ನಡುಹಗಲು ಬರುತ್ತದೆಂದುಕೊಳ್ಳಬೇಡಿ, ಊರಿನಿಂದ ಊರಿಗೆ ಬದಲಾಗುತ್ತದೆ. 12ಕ್ಕೆ ಮನೆಗೆ ಹೋಗುವುದಾದರೆ ಶಿಕ್ಷಕರೊಬ್ಬರು ಆಮೇಲೂ ನಿಂತು ಅತಿ ಚಿಕ್ಕ ನೆರಳನ್ನು ಗುರುತು ಹಾಕಿಟ್ಟರೆ ಮಾರನೇ ದಿನ ತರಗತಿಯಲ್ಲಿ ಅಳೆಯಬಹುದು.

ಹೊಂಗೆನೆರಳು

ಇದು ಬಹಳ ಚೆನ್ನಾಗಿದೆ. ಚಿತ್ರ ಸ್ಪರ್ಧೆ ಕೈಬಿಟ್ಟು ಇದನ್ನು ಇಟ್ಟುಕೊಳ್ಳಿ ಎನ್ನುವೆ. ಮೂರು ಮಕ್ಕಳಿಗೆ ಬಹುಮಾನ ಕೊಟ್ಟು 69 ಮಕ್ಕಳನ್ನು ಸುಮ್ಮನೆ ಕೂರಿಸುವುದು ಉತ್ಸವವಲ್ಲ.

ಗುಂಪಿನಗೋವಿಂದ

ಸ್ಪರ್ಧೆಯೇ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. 9–10 ವರ್ಷದವರಿಗೆ ಅದು ಹುರುಪು ಕೊಡುತ್ತದೆ. ಗುಂಪಿಗೆ ಗುಂಪೇ ಸ್ಪರ್ಧಿಸಲಿ: ಯಾವ ಗುಂಪಿನ ನೆರಳಿನ ಊಹೆ ಹತ್ತಿರ, ಯಾವ ಪಟ ಹೆಚ್ಚು ಹೊತ್ತು ನಿಂತಿತು.

ಹೊಂಗೆನೆರಳು

ಗುಂಪಿನದ್ದಾದರೆ ನನ್ನ ತಕರಾರಿಲ್ಲ. ವಯಸ್ಸು ಬೆರೆಸಿ ಗುಂಪು ಮಾಡಿದರೆ ಇನ್ನೂ ಚೆನ್ನ, ದೊಡ್ಡವರು ಚಿಕ್ಕವರ ಕೈ ಹಿಡಿದು ಮಾಡಿಸುತ್ತಾರೆ. ಕತ್ತರಿ ಇರುವ ಟೇಬಲ್ಲಿನಲ್ಲಿ ಅದು ದೊಡ್ಡ ಅನುಕೂಲ.

ಮಾತೆಗೊಂದು_ಚೀಟಿ

ಪಾಲಕರಿಗೆ ಕಳಿಸುವ ಚೀಟಿ ಚಿಕ್ಕದಿರಲಿ. ತರಬೇಕಾದದ್ದು, ಹಾಕಬೇಕಾದ ಬಟ್ಟೆ (ಹಳೆಯದು, ಕಲೆಯಾದರೂ ಪರವಾಗಿಲ್ಲದ್ದು, ಟೊಪ್ಪಿ), ಕರೆದೊಯ್ಯುವ ಸಮಯ. ಉದ್ದ ಬರೆದರೆ ಯಾರೂ ಕೊನೆಯವರೆಗೆ ಓದುವುದಿಲ್ಲ. ಕೆಳಗೆ ಹರಿದು ವಾಪಸ್ ಕೊಡುವ ಭಾಗದಲ್ಲಿ ಮೂರು ಪ್ರಶ್ನೆ: ಅಲರ್ಜಿ ಅಥವಾ ಅಸ್ತಮಾ ಇದೆಯೇ, ಮಗುವಿನ ಫೋಟೊ ಹಂಚಿಕೊಳ್ಳಬಹುದೇ, ಮಗುವನ್ನು ಯಾರು ಕರೆದೊಯ್ಯುತ್ತಾರೆ. ಫೋಟೊ ಬೇಡ ಎಂದವರ ಮಕ್ಕಳ ಹೆಸರುಚೀಟಿಗೆ ಒಂದು ಬಣ್ಣದ ಚುಕ್ಕಿ ಹಾಕಿ, ಫೋಟೊ ತೆಗೆಯುವವರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಇನ್‌ಹೇಲರ್ ಬಳಸುವ ಮಗುವಿನದ್ದು ತರಗತಿಯ ಬ್ಯಾಗಿನಲ್ಲಿ ಉಳಿಯಬಾರದು, ಗುಂಪಿನ ಜೊತೆಗಿರುವ ದೊಡ್ಡವರ ಬಳಿ ಇರಬೇಕು. ಹೂವೆಂದರೆ ಹೆದರುವವರಿದ್ದಾರೆ. ಬಣ್ಣಬಣ್ಣದ ಹೂಗಳ ಪರಾಗ ಭಾರ, ಕೀಟಗಳೇ ಹೊತ್ತೊಯ್ಯಬೇಕು. ಸೀನು, ಉಬ್ಬಸ ತರುವುದು ಹೆಚ್ಚಾಗಿ ಗಾಳಿಯಲ್ಲಿ ಹಾರುವ ಹುಲ್ಲಿನ, ಕೆಲವು ಮರಗಳ ಪರಾಗ. ಆದ್ದರಿಂದ ಹಿಂದಿನ ದಿನ ಅಂಗಳದ ಹುಲ್ಲು ಕತ್ತರಿಸಬೇಡಿ, ಮೂರ್ನಾಲ್ಕು ದಿನ ಮೊದಲೇ ಮುಗಿಸಿ.

ತಮ್ಮ, ತಂಗಿ ಎಂದು ಎರಡು ಮೂರು ವರ್ಷದ ಮಕ್ಕಳೂ ಬರುತ್ತಾರೆ. ಅವರಿಗೆ ಕಾಳು, ಗುಂಡುಪಿನ್, ಮಣಿ ಸಿಗದಂತೆ ಬೇರೆ ಚಾಪೆ ಹಾಸಿ. ಮೂರು ಸೆಂ.ಮೀ.ಗಿಂತ ಚಿಕ್ಕದೆಲ್ಲ ಅವರ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅಲಂಕಾರಕ್ಕೆ ಬಲೂನ್ ಬೇಡ, ಒಡೆದ ಚೂರು ಉಸಿರಿನ ದಾರಿಗೆ ಅಂಟಿಕೊಂಡರೆ ತೆಗೆಯುವುದು ಬಹಳ ಕಷ್ಟ. ಮುಖವಾಡವನ್ನೂ ಬಿಡಿ. ಕಾಗದದ ಮುದ್ದೆಯದ್ದು ಒಣಗಲು ಒಂದು ದಿನಕ್ಕಿಂತ ಹೆಚ್ಚು ಬೇಕು, ಹಾಕಿಕೊಂಡು ನಡೆದರೆ ಪಕ್ಕ ಕಾಣದೆ ಡಿಕ್ಕಿ ಹೊಡೆಯುತ್ತಾರೆ.

ಸದ್ದು, ಗದ್ದಲ ತಡೆಯಲಾಗದ ಮಕ್ಕಳಿಗೆ ಹೂವಿನ ಅಚ್ಚಿನ ಟೇಬಲ್ ಕಷ್ಟ, 18 ಕೊಡತಿ ಒಟ್ಟಿಗೆ ಬಡಿಯುತ್ತವೆ. ಅದನ್ನು ಅಂಗಳದ ದೂರದ ಮೂಲೆಯಲ್ಲಿ ಇಡಿ. ಅವರಿಗೆ ಚಮಚದ ಹಿಂಬದಿಯಿಂದ ಉಜ್ಜಿ ಅಚ್ಚು ತೆಗೆಯಲು ಹೇಳಿ. ನಿಧಾನ, ಆದರೆ ಅಚ್ಚು ಮೂಡುತ್ತದೆ. ಮೈಕ್ ಬೇಡ, ಕೈಗಂಟೆ ಸಾಕು.

ಮೂರನೇತರಗತಿ_ಪಾಲಕಿ

ಎಲ್ಲರಿಗೂ ಧನ್ಯವಾದ. ನಾಲ್ಕು ಟೇಬಲ್ ತೀರ್ಮಾನವಾಯಿತು: ಪಟ ಮತ್ತು ಗಿರಗಿಟ್ಟಲೆ, ಹೂವಿನ ಅಚ್ಚು, ಅರಿಶಿನ ಕಾಗದ, ಸಸಿ ನೆಡುವುದು. ನೆರಳಿನ ಕೋಲು ಮೂರೂ ಗಂಟೆ. ಕೊನೆಗೆ ಅಂಗೈ ಬೆಡ್‌ಶೀಟ್ ಮತ್ತು ಒಂದು ಹಾಡು. ಗುಂಪುಗಳಲ್ಲಿ ವಯಸ್ಸು ಬೆರೆಸುತ್ತೇವೆ. ಇನ್ನು ಎರಡೇ ಪ್ರಶ್ನೆ. ಅಂಗಳದ ಪೂರ್ವಕ್ಕೆ ಎರಡು ಮಹಡಿ ಕಟ್ಟಡವಿದೆ, 9.20ಕ್ಕೆ ಅಲ್ಲಿ ಬಿಸಿಲು ಬರುತ್ತದೋ ಇಲ್ಲವೋ? ಮೋಡ ಕವಿದರೆ, ಗಾಳಿ ಬೀಸದಿದ್ದರೆ ಏನು ಮಾಡುವುದು?

ನೆರಳಳತೆ

ಕಟ್ಟಡದ ನೆರಳನ್ನು ಈಗಲೇ ನೋಡಿ, ಊಹಿಸಬೇಡಿ. ಉತ್ಸವಕ್ಕೆ ಒಂದು ವಾರ ಮೊದಲು 9.20ಕ್ಕೆ ಅಂಗಳಕ್ಕೆ ಹೋಗಿ ಬಿಸಿಲು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಸೀಮೆಸುಣ್ಣದ ಗೆರೆ ಹಾಕಿ. ಒಂದು ವಾರದಲ್ಲಿ ಹೆಚ್ಚು ವ್ಯತ್ಯಾಸವಾಗದು. ಆ ಗೆರೆಯಿಂದ ಎರಡು ಮೀಟರ್ ಆಚೆಗೆ, ಬಿಸಿಲಿನ ಕಡೆ, ಕೋಲು ನೆಡಿ. ಅಲ್ಲೂ ಬಿಸಿಲಿಲ್ಲದಿದ್ದರೆ 9.50ಕ್ಕೆ ಶುರುಮಾಡಿ, ಐದು ಗುರುತಿನಲ್ಲೂ ರೇಖೆ ಸ್ಪಷ್ಟವಾಗಿ ಕಾಣುತ್ತದೆ. ಮೋಡ ಬಂದುಹೋಗುತ್ತಿದ್ದರೆ ಗಂಟೆಗೇ ಕಾಯಬೇಡಿ, ಬಿಸಿಲು ಬಿದ್ದಾಗಲೆಲ್ಲ ಗುರುತಿಟ್ಟು ಆಗಿನ ಸಮಯ ಬರೆಯಿರಿ. ಸರಳರೇಖೆಗೆ ಸಮಾನ ಅಂತರ ಬೇಕಿಲ್ಲ.

ಬಾಲಂಗೋಚಿ

ಮರದ ಎಲೆ ಅಲ್ಲಾಡುತ್ತಿದೆ, ಮುಖಕ್ಕೆ ಗಾಳಿ ತಾಗುತ್ತಿದೆ ಎಂದರೆ ಪಟಕ್ಕೆ ಸಾಕು. ಸಣ್ಣ ಕೊಂಬೆಗಳೂ ಬಿಡದೆ ತೂಗುತ್ತಿದ್ದರೆ ಈ ತೆಳುಕಾಗದ ತಡೆಯದು, ಆ ದಿನ ಹಾರಿಸಬೇಡಿ. ಗಾಳಿಯೇ ಇಲ್ಲದಿದ್ದರೆ ಪಟದ ಗುಂಪು ಕಾಗದದ ಮೇಲೆ ಚಿತ್ರ ಬರೆಯಲಿ, ದಾರ ಸುತ್ತಿದ ಕಡ್ಡಿಯ ಸಮೇತ ಮನೆಗೆ ಕೊಟ್ಟುಕಳಿಸಿ. ಮಡಚಬಾರದು, ಕಡ್ಡಿ ಮುರಿಯುತ್ತದೆ. ಬ್ಯಾಗಿಗೆ ತುರುಕದೆ ಕೈಯಲ್ಲೇ ಹಿಡಿದು ಹೋಗಲಿ, ಬಾಲಂಗೋಚಿಯನ್ನು ಮಾತ್ರ ಸುರುಳಿ ಸುತ್ತಿ ಕ್ಲಿಪ್ ಹಾಕಿ.